ದೂಧಗಂಗೆಯ ಆಚೆ ದಡದ ಕುರಿಗಳು

ಆಸ್ಪತ್ರೆಯ ಹಿಂದೆ ಕಬ್ಬಿನ ಗದ್ದೆ. ಗದ್ದೆ ದಾಟಿದರೆ ದೂಧಗಂಗೆ. ಹೊಳೆ ದಾಟಿದರೆ ಮಹಾರಾಷ್ಟ್ರ. ಚಿಕ್ಕೋಡಿ ಸೀಮೆಯ ಆ ಪಶು ಆಸ್ಪತ್ರೆಯಲ್ಲಿ 2015ರಿಂದ ಒಂಬತ್ತು ವರ್ಷ ವೈದ್ಯನಾಗಿದ್ದೆ. ಗಡಿ ಅಂದ ಕೂಡಲೇ ಎಲ್ಲರಿಗೂ ಬೋರ್ಡಿನ ಭಾಷೆ, ಬಸ್ಸಿಗೆ ಬಳಿದ ಮಸಿ ನೆನಪಾಗುತ್ತದೆ. ನನಗೆ ಕುರಿ ನೆನಪಾಗುತ್ತದೆ.

ನಮ್ಮ ಭಾಗದ ಕುರುಬರು ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಡುತ್ತಾರೆ. ಕುದುರೆ ಮೇಲೆ ಹೇರು, ಹೇರಿನ ಮೇಲೆ ಕೋಳಿ, ಜೋಳಿಗೆಯಲ್ಲಿ ಮೊನ್ನೆ ಹುಟ್ಟಿದ ಮರಿ. ಕೃಷ್ಣೆ, ಪಂಚಗಂಗೆ ಬಯಲಿನಲ್ಲಿ ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹೊಲಕ್ಕೆ ಹಿಕ್ಕೆ ಗೊಬ್ಬರ, ಇವರಿಗೆ ಜೋಳ ಅಥವಾ ರೊಕ್ಕ. ಮಳೆ ಹಿಡಿಯುವ ಹೊತ್ತಿಗೆ ವಾಪಸು. ಆಚೆಯ ಧನಗರರ ಹಿಂಡುಗಳೂ ಹೀಗೇ ಈ ಕಡೆ ಬರುತ್ತವೆ. ನಮ್ಮ ಬೀರಪ್ಪ ಅಲ್ಲಿ ಬಿರೋಬಾ. ಪಟ್ಟಣಕೋಡೋಳಿ ಜಾತ್ರೆಯಲ್ಲಿ ಇಬ್ಬರ ಹಣೆಗೂ ಒಂದೇ ಭಂಡಾರ.

ಇನ್ನು ಲಸಿಕೆಯ ಲೆಕ್ಕ ನೋಡಿ. ನಮ್ಮ ಊರುಗಳ ಕುರಿ ಎಣಿಸಿ ನಮ್ಮ ತಾಲ್ಲೂಕಿಗೆ ಲಸಿಕೆ ಕೊಡುತ್ತಾರೆ. ಅದು ಕೈಗೆ ಬರುವಾಗ ಕುರಿಗಳು ಜಯಸಿಂಗಪುರದ ಹತ್ತಿರ ಇರುತ್ತವೆ. ಅಲ್ಲಿನವರಿಗೆ ಅವು ಕರ್ನಾಟಕದ ಕುರಿ. ನಮಗೆ ಊರಲ್ಲಿಲ್ಲದ ಕುರಿ. ಮೊದಲ ಎರಡು ವರ್ಷ ನಾನೂ ರಿಜಿಸ್ಟರಿನಲ್ಲಿ ‘ವಲಸೆ ಹೋಗಿವೆ’ ಅಂತ ಬರೆದು ಸುಮ್ನೆ ಕೂತೆ.

ಮೂರನೇ ವರ್ಷ ಡಿಸೆಂಬರಿನಲ್ಲಿ ಹೊಳೆಯಾಚೆಯ ಪಶುವೈದ್ಯರ ಫೋನ್ ಬಂತು. ಯಾವುದೋ ಮದುವೆಯಲ್ಲಿ ಒಮ್ಮೆ ಸಿಕ್ಕಿದ್ದೆವು, ಅಷ್ಟೇ ಪರಿಚಯ. ‘ನಿಮ್ಮ ಕಡೆಯ ಹಿಂಡು ಬಂದಿದೆ. ಬಾಯಲ್ಲಿ ಹುಣ್ಣಂತೆ. ಹೊಲದವರು ಮಾವಾ ಅಂತಿದ್ದಾರೆ’ ಅಂದರು. ನಮ್ಮಲ್ಲಿ ಮಾವಾ ಅಂದರೆ ಅಡಿಕೆ, ತಂಬಾಕು ತಿಕ್ಕಿ ದವಡೆಗೆ ಇಡುವ ಚಟ. ಮರಾಠಿಯಲ್ಲಿ ಅದು ಕುರಿ, ಆಡುಗಳ ತುಟಿಗೆ ಹುರುಪೆ ಕಟ್ಟುವ ರೋಗದ ಹೆಸರೂ ಹೌದು. ಕಾಲೇಜಿನಲ್ಲಿ ಆರ್ಫ್ ಅಂತ ಓದಿದ್ದೆವಲ್ಲ, ಅದೇ. ಮರಿಗಳಿಗೆ ಜಾಸ್ತಿ ಬರುತ್ತದೆ, ಕೆಲವು ವಾರಗಳಲ್ಲಿ ಹುರುಪೆ ಉದುರಿ ವಾಸಿಯಾಗುತ್ತದೆ. ಅವರು ಹಿಂಡನ್ನು ಇನ್ನೂ ನೋಡಿರಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ‘ಗ್ಲಿಸರಿನ್ ಹಚ್ಚೋಕೆ ಹೇಳಿ ಸರ್, ಹೋಗುತ್ತೆ’ ಅಂದೆ. ಎಂಟು ದಿನ ಬಿಟ್ಟು ಮತ್ತೆ ಫೋನ್. ಹತ್ತೊಂಬತ್ತು ಕುರಿ ಸತ್ತಿದ್ದವು.

ಬೈಕ್ ಹತ್ತಿ ಹೋದೆ. ಒಂದು ಕುರಿಯ ಕೆಳತುಟಿ ಬಿಡಿಸಿದ ಕೂಡಲೇ ಗೊತ್ತಾಯಿತು. ಹೊರಗೆ ಹುರುಪೆ ಇಲ್ಲ. ಒಳಗೆ, ಒಸಡಿನ ಮೇಲೆ, ನಾಲಿಗೆಯ ಕೆಳಗೆ ಹಿಟ್ಟು ಉದುರಿಸಿದ ಹಾಗೆ ಬೂದುಬಿಳಿ ಪೊರೆ. ಬೆರಳಿಂದ ಒರೆಸಿದರೆ ಎದ್ದು ಬರುತ್ತಿತ್ತು, ಕೆಳಗೆ ಕೆಂಪು ಮಾಂಸ. ನಾರುವ ಬಾಯಿ. ಸಿಂಬಳ ಒಣಗಿ ಮೂಗಿನ ಹೊಳ್ಳೆ ಮುಚ್ಚಿಹೋಗಿತ್ತು. ಕಣ್ಣಲ್ಲಿ ಪಿಸುರು. ಹಿಂಗಾಲು ಪೂರ್ತಿ ಭೇದಿ ಮೆತ್ತಿಕೊಂಡಿತ್ತು. ಥರ್ಮಾಮೀಟರ್ 105 ಡಿಗ್ರಿ ದಾಟಿತು. ಹಿರೇಬೇನೆ. ಕುರಿ, ಆಡುಗಳಿಗೆ ಹರಡುವ ವೈರಸ್ ರೋಗ, ನಾವು ಪಿಪಿಆರ್ ಅನ್ನೋದು. ಹಿಂಡಿನ ಯಜಮಾನ ನನ್ನ ಮುಖ ನೋಡಲಿಲ್ಲ. ಗಬ್ಬದ ಕುರಿಯೊಂದು ಕಂದು ಹಾಕಿತ್ತು, ಅದನ್ನು ಕಂಬಳಿಯಲ್ಲಿ ಮುಚ್ಚಿಟ್ಟಿದ್ದ.

ಮೂಗಿನ ಸ್ವ್ಯಾಬ್ ತೆಗೆದೆವು. ಕುರಿ ಕರ್ನಾಟಕದ್ದು, ನೆಲ ಮಹಾರಾಷ್ಟ್ರದ್ದು, ಯಾವ ಲ್ಯಾಬಿಗೆ ಕಳಿಸೋದು? ಒಂದು ಕಟ್ಟು ಪುಣೆಯ ಔಂಧಿಗೆ, ಇನ್ನೊಂದು ಬೆಂಗಳೂರಿನ ಹೆಬ್ಬಾಳಕ್ಕೆ ಹೋಯಿತು. ವರದಿ ಬರುವ ತನಕ ಕಾಯಲಿಲ್ಲ. ವೈರಸ್ಸಿಗೆ ಮದ್ದಿಲ್ಲ. ಮೇಲೆ ಕೂರುವ ಸೋಂಕಿಗೆ ಆಂಟಿಬಯೋಟಿಕ್, ಭೇದಿಗೆ ಗ್ಲೂಕೋಸ್ ನೀರು, ಬಾಯಿಗೆ ಬೋರಿಕ್ ಗ್ಲಿಸರಿನ್. ಸುತ್ತಲಿನ ಆರೋಗ್ಯವಂತ ಹಿಂಡುಗಳಿಗೆ ಲಸಿಕೆ. ಲಸಿಕೆ ಅವರದು, ಸೂಜಿ ಹಿಡಿದ ಕೈ ಇಬ್ಬರದೂ.

ಈ ಬಗ್ಗೆ ಒಂದು ವ್ಯವಸ್ಥೆ ಮಾಡಿ ಅಂತ ಮೇಲಿನ ಕಚೇರಿಗೆ ಪತ್ರ ಬರೆದೆ. ಉತ್ತರ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿ ಹಿಂಡುಗಳೇ ಊರಿಗೆ ಬಂದಿದ್ದವು. ಹಾಗಾಗಿ ನಾವಿಬ್ಬರೂ ಸದಲಗಾದ ಒಂದು ಚಹಾ ಅಂಗಡಿಯಲ್ಲಿ ಕೂತು ಒಂದು ಡೈರಿ ಶುರು ಮಾಡಿದೆವು. ಎಡಕ್ಕೆ ಹಿಂಡಿನ ಯಜಮಾನನ ಮೊಬೈಲ್ ನಂಬರು, ಬಲಕ್ಕೆ ದೀಪಾವಳಿ ಆದಮೇಲೆ ಎಲ್ಲೆಲ್ಲಿ ತರುಬುತ್ತಾನೆ ಅನ್ನೋದು. ಹೆಂಗಸರೇ ಸರಿಯಾಗಿ ಹೇಳುತ್ತಿದ್ದದ್ದು. ಗಂಡಸರು ತಾಲ್ಲೂಕಿನ ಹೆಸರು ಹೇಳಿದರೆ, ಅವರು ಬಾವಿಯ ಹೆಸರು ಹೇಳುತ್ತಿದ್ದರು.

ಡೈರಿಯ ಕೊನೆ ಪುಟದಲ್ಲಿ ರೋಗಗಳ ಹೆಸರು ಎರಡೂ ಭಾಷೆಯಲ್ಲಿ ಬರೆದೆವು. ನಮ್ಮ ಕಾಲುಬಾಯಿ ರೋಗ ಅವರಲ್ಲಿ ಲಾಳ ಖುರಕುತ. ಕರುಳುಬೇನೆ ಆಂತ್ರವಿಷಾರ. ಜೊತೆಗೆ ಒಂದು ನಿಯಮ ಮಾಡಿಕೊಂಡೆವು. ಫೋನಿನಲ್ಲಿ ರೋಗದ ಹೆಸರು ಹೇಳುವಂತಿಲ್ಲ, ಕಂಡದ್ದು ಮಾತ್ರ ಹೇಳಬೇಕು. ಜ್ವರ ಎಷ್ಟು, ಮೂಗು ಸೋರುತ್ತಾ, ಹಿಕ್ಕೆ ಹೇಗಿದೆ, ಹುಣ್ಣು ತುಟಿಯ ಒಳಗೋ ಹೊರಗೋ. ಕುರುಬರಲ್ಲಿ ಸುಮಾರು ಜನಕ್ಕೆ ಓದೋಕೆ ಬರೋದಿಲ್ಲ. ವಾಟ್ಸಾಪಿನಲ್ಲಿ ಧ್ವನಿ ಕಳಿಸಿ, ಫೋಟೋ ಕಳಿಸಿ ಅಂದೆವು. ಮೊದಲ ತಿಂಗಳು ಬರೀ ದೇವರ ಫೋಟೋ ಬಂದವು.

ಲಸಿಕೆ ಹಾಕುವ ಕಾಲವನ್ನೇ ಹಿಂದಕ್ಕೆ ತಂದೆವು. ನವರಾತ್ರಿಯಿಂದ ದೀಪಾವಳಿವರೆಗೆ ಹಿಂಡುಗಳು ಊರ ಸುತ್ತ ಇರುತ್ತವೆ, ಅಷ್ಟರೊಳಗೆ ಮುಗಿಸಬೇಕು. ತಪ್ಪಿಸಿಕೊಂಡವು ಆಚೆ ದಡದಲ್ಲಿ ಸಿಕ್ಕರೆ ಅವರು ಹಾಕುತ್ತಾರೆ. ಅವರ ಹಿಂಡು ನಮ್ಮ ಕಡೆ ಸಿಕ್ಕರೆ ನಾವು. ಆ ಡೋಸ್ ಯಾರ ಲೆಕ್ಕಕ್ಕೆ ಅನ್ನೋ ತಲೆನೋವು ಪ್ರತಿ ಸಲ ಇದ್ದದ್ದೇ. ಕೊಟ್ಟದ್ದು, ತಗೊಂಡದ್ದು ವರ್ಷದ ಕೊನೆಗೆ ಹೆಚ್ಚೂಕಡಿಮೆ ಸರಿಹೋಗುತ್ತಿತ್ತು. ಇದು ನಿಯಮದ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಕೆಲಸ ಬೆಳಗಿನ ಐದಕ್ಕೆ. ಬಿಸಿಲೇರಿ ಕುರಿ ಮೇಯಲು ಬಿಟ್ಟರೆ ಆ ದಿನ ಹೋಯಿತು. ರಾತ್ರಿ ಕಟ್ಟಿದ ಬಲೆಯ ಒಂದು ಮೂಲೆ ಬಿಚ್ಚಿ, ಒಂದೊಂದೇ ಕುರಿ ದಾಟುವಷ್ಟು ದಾರಿ ಮಾಡುತ್ತಿದ್ದೆವು. ಒಬ್ಬ ಹಿಡಿಯೋದು, ಒಬ್ಬ ಚರ್ಮ ಎತ್ತಿ ಕೆಳಗೆ 1 ಎಂ.ಎಲ್. ಕೊಡೋದು. ಪುಡಿ ಲಸಿಕೆಗೆ ದ್ರಾವಣ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿವರೆಗೂ ಐಸ್ ಮೇಲೆ. ನಾವು ದ್ರಾವಣವನ್ನೂ ಹಿಂದಿನ ರಾತ್ರಿಯಿಂದಲೇ ತಣ್ಣಗೆ ಇಡುತ್ತಿದ್ದೆವು. ಐಸ್ ಮೀನಿನ ಅಂಗಡಿಯಿಂದ. ನಮ್ಮದು ನೂರು ಡೋಸಿನ ಬಾಟಲಿ. ಮೊದಲೇ ಕುರಿ ಎಣಿಸಿ, ಅಕ್ಕಪಕ್ಕದ ಎರಡು ಹಿಂಡು ಸೇರಿಸಿಕೊಂಡರೆ ವ್ಯರ್ಥವಾಗೋದು ಕಡಿಮೆ.

ನಾನು ಪೂರ್ತಿ ಸೋತದ್ದು ಗುರುತು ಹಾಕುವುದರಲ್ಲಿ. ಲಸಿಕೆ ಆದ ಕುರಿಯ ಬೆನ್ನಿಗೆ ನೀಲಿ ಬಣ್ಣ ಬಳಿದೆ. ನಮ್ಮ ದಖನಿ ಕುರಿ ಹೆಚ್ಚಿನವು ಕಪ್ಪು, ಕಪ್ಪಿನ ಮೇಲೆ ನೀಲಿ ಎಲ್ಲಿ ಕಾಣುತ್ತೆ? ಬಿಳಿ ಪೇಂಟ್ ತಂದೆ. ಉಣ್ಣೆ ಕೆಡುತ್ತದೆ, ಕಂಬಳಿಗೆ ಬರೋದಿಲ್ಲ ಅಂತ ಅಜ್ಜಿಯೊಬ್ಬಳು ಡಬ್ಬಿಯನ್ನೇ ಕಿತ್ತುಕೊಂಡಳು. ಕೊನೆಗೆ ಕುರಿಗೆ ಗುರುತು ಬೇಡ, ಹಿಂಡಿಗೆ ಒಂದು ಕಾರ್ಡು ಸಾಕು ಅಂತ ತೀರ್ಮಾನಿಸಿದೆವು. ತಾರೀಕು, ಕುರಿಗಳ ಎಣಿಕೆ, ಇಬ್ಬರ ಸಹಿ, ಕನ್ನಡ ಮತ್ತು ಮರಾಠಿಯಲ್ಲಿ. ಒಮ್ಮೆ ಹಾಕಿದ ಪಿಪಿಆರ್ ಲಸಿಕೆ ಮೂರು ವರ್ಷವಾದರೂ ಕಾಪಾಡುತ್ತದೆ. ಹಾಗಾಗಿ ಮುಂದಿನ ವರ್ಷ ಹೊಸ ಮರಿಗಳು, ಸಂತೆಯಿಂದ ತಂದವು ಇಷ್ಟೇ ಹುಡುಕಿದರೆ ಸಾಕು. ತೀರಾ ಎಳೆ ಮರಿಗಳಿಗೆ ಹಾಕುವುದಿಲ್ಲ. ತಾಯಿಯಿಂದ ಬಂದ ಶಕ್ತಿ ಇರುವಾಗ ಲಸಿಕೆ ಹಿಡಿಯೋದಿಲ್ಲ, ನಾಲ್ಕು ತಿಂಗಳು ತುಂಬಬೇಕು.

ಕಾರ್ಡಿನ ಉಪಯೋಗ ನಾವು ಅಂದುಕೊಂಡ ಕಡೆ ಆಗಲಿಲ್ಲ. ಆಚೆಯ ಹೊಲದವರು ಅದನ್ನು ಕೇಳೋಕೆ ಶುರು ಮಾಡಿದರು. ಅವರ ಮನೆಯಲ್ಲೂ ನಾಲ್ಕು ಆಡು ಇರುತ್ತವೆ ಅಲ್ವಾ? ಹಿರೇಬೇನೆಯ ವರ್ಷ ಹಿಂಡುಗಳನ್ನು ಅಟ್ಟಿದ್ದವರು, ಕಾರ್ಡ್ ನೋಡಿ ತರುಬೋಕೆ ಒಪ್ಪಿದರು. ಒಬ್ಬ ಕುರುಬ ಕಾರ್ಡ್ ತೋರಿಸಿ ಒಂದು ಚೀಲ ಜೋಳ ಹೆಚ್ಚು ಕೇಳಿದನಂತೆ. ಸಿಕ್ಕಿತೋ ಇಲ್ಲವೋ ಹೇಳಲಿಲ್ಲ, ನಕ್ಕ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದೇ ವಾಟ್ಸಾಪ್ ಗುಂಪು ದನಗಳಿಗೂ ಕೆಲಸಕ್ಕೆ ಬಂತು. ಹೊಳೆಯಾಚೆ ಎತ್ತಿನ ಮೈಮೇಲೆ ಗಂಟು ಕಂಡ ಫೋಟೋ ಅದೇ ಸಂಜೆ ನಮ್ಮ ಕೈಯಲ್ಲಿತ್ತು. ಮರುದಿನವೇ ಹೊಳೆದಂಡೆಯ ಊರುಗಳ ದನಗಳಿಗೆ ಮೇಕೆ ಸಿಡುಬಿನ ಲಸಿಕೆ ಶುರು ಮಾಡಿದೆವು, ಆಗ ಈ ರೋಗಕ್ಕೂ ಅದನ್ನೇ ಹಾಕುತ್ತಿದ್ದದ್ದು. ಆ ವರ್ಷದ ಓಡಾಟ ಬರೆದರೆ ಬೇರೆ ಕಥೆಯೇ ಆಗುತ್ತದೆ.

ಒಂದು ಬೆಳಿಗ್ಗೆ ಬಲೆ ಹಿಡಿದು ನಿಂತಿದ್ದ ಮುದುಕ ಕೇಳಿದ, ‘ಸಾಹೇಬ್ರ, ದೊಡ್ಡರೋಗ ಹೋದಂಗ ಇದೂ ಹೋಗ್ತದೇನ್ರಿ?’ ಅವನ ಅಪ್ಪನ ಜೋಡೆತ್ತು ದೊಡ್ಡರೋಗಕ್ಕೆ ಹೋಗಿದ್ದವಂತೆ. ದನಗಳ ಆ ರೋಗ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್, ನಮ್ಮ ದೇಶದಲ್ಲಿ ಕೊನೆಗೆ ಕಂಡದ್ದು 1995ರಲ್ಲಿ, ಜಗತ್ತಿಂದಲೇ ಹೋಯಿತು ಅಂತ ಸಾರಿದ್ದು 2011ರಲ್ಲಿ. ಹಿರೇಬೇನೆ ಅದರದ್ದೇ ದಾಯಾದಿ. ಇದನ್ನು 2030ರೊಳಗೆ ಅಳಿಸಬೇಕು ಅಂತ ಎಲ್ಲ ದೇಶಗಳೂ ಗುರಿ ಇಟ್ಟುಕೊಂಡಿವೆ ಅಂದೆ. ಅವನು ಬೆರಳು ಮಡಿಸಿ ಎಣಿಸಿ, ‘ನಾನಿರ್ತೀನಿ ತಗೋರಿ’ ಅಂದ.

ಈಗ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಗಿದೆ. ಡೈರಿಯನ್ನು ಹೊಸ ಡಾಕ್ಟರಿಗೆ ಕೊಟ್ಟು ಬಂದೆ, ವಾಟ್ಸಾಪ್ ಗುಂಪಿನಿಂದ ಮಾತ್ರ ಹೊರಗೆ ಬಂದಿಲ್ಲ. ಹೋದ ತಿಂಗಳು ಆಚೆ ದಡದ ಡಾಕ್ಟರ ಧ್ವನಿ ಬಂತು, ಅವರ ಹರಕು ಕನ್ನಡದಲ್ಲಿ: ‘ಸರ್, ಹುಣ್ಣು ತುಟಿ ಹೊರಗ ಅದ. ಒಳಗ ಏನಿಲ್ಲ. ಜ್ವರ ಇಲ್ಲ, ಹಿಕ್ಕಿ ಗಟ್ಟಿ ಅದ. ಈಗ ಹೆಸರು ಹೇಳ್ಲೇನು? ಮಾವಾ. ಖರೇನ ಮಾವಾ.’