ಮೆಟ್ಟಿಲ ಕೆಳಗಿನ ಎರಡನೆಯ ಮೀಟರ್

ಸಿಲಿಂಡರ್ ಮುಗಿದಾಗ ಮಾತ್ರ ಗ್ಯಾಸ್ ನೆನಪಾಗುವ ಊರಿನಿಂದ ಬಂದವನು ನಾನು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 2022ರ ಸೆಪ್ಟೆಂಬರ್ 17ರಂದು ಬಾಡಿಗೆ ಮನೆ ಹಿಡಿದಾಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎರಡು ಮೀಟರ್‌ಗಳಿದ್ದವು. ವಿದ್ಯುತ್ತಿನದು ಗೊತ್ತಾಯಿತು. ಪಕ್ಕದ ಬೂದು ಬಣ್ಣದ ಡಬ್ಬಿ ಏನೋ ಪೈಪಿನ ವ್ಯವಹಾರ ಅಂದುಕೊಂಡೆ. ವಿದ್ಯುತ್ ಕಂಪನಿಗೆ ಹೆಸರು ಕೊಟ್ಟೆ, ತಿಂಗಳಿಗೆ 95 ಪೌಂಡ್ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿದೆ. ಬೆಳಕು, ಒಲೆ, ಚಳಿಗಾಲದ ರೇಡಿಯೇಟರ್ ಎಲ್ಲವೂ ಅದರಲ್ಲೇ ಬಂತು ಎಂಬ ನೆಮ್ಮದಿ ನನ್ನದು.

ಆ ಚಳಿಗಾಲ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇಂಧನದ ದರದ ಮಾತೇ. ಉಕ್ರೇನ್ ಯುದ್ಧದಿಂದ ಬೆಲೆ ಗಗನಕ್ಕೇರಿತ್ತು. ಸರ್ಕಾರವೇ ಪ್ರತಿ ಮನೆಗೆ ಆರು ಕಂತುಗಳಲ್ಲಿ 400 ಪೌಂಡ್ ಕೊಟ್ಟಿತು. 'ನಮಗೆ 95 ಪೌಂಡ್ ಸಾಕಾಗುತ್ತಿದೆ' ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಮಿತವ್ಯಯದ ಬಗ್ಗೆ ಒಬ್ಬಿಬ್ಬರಿಗೆ ಬುದ್ಧಿ ಹೇಳಿದ್ದೂ ಉಂಟು.

2024ರ ಮಾರ್ಚ್ 14ರಂದು ಮೀಟರ್ ನೋಡುವವನೊಬ್ಬ ಬಾಗಿಲು ತಟ್ಟಿದ. ಒಳಗೆ ಕರೆದು ಚಹಾ ಬೇಕೇ ಎಂದು ಕೇಳಿದೆ, ಹೆಸರು ಕೇಳಿದಾಗ ಅಕ್ಷರ ಬಿಡಿಸಿ ಹೇಳಿದೆ. ಒಂದು ವಾರದೊಳಗೆ ಆ ಹೆಸರಿಗೇ ಬಿಲ್ ಬಂತು, 18ನೇ ತಾರೀಖಿನದು. ನಾನು ಹೆಸರನ್ನೇ ಕೇಳಿರದ ಗ್ಯಾಸ್ ಕಂಪನಿ. ಒಂದೂವರೆ ವರ್ಷದ ಗ್ಯಾಸಿಗೆ 3,361 ಪೌಂಡ್. ರೂಪಾಯಿಯಲ್ಲಿ ಮೂರೂವರೆ ಲಕ್ಷ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ತಿಂಗಳಿಗೊಮ್ಮೆ ಮೀಟರ್ ನೋಡುವವರು ಬರುವುದಿಲ್ಲವೇನೋ?" ಊರಿನಲ್ಲಿ ಮೀಟರ್ ನೋಡಿದವರು ನಿಂತಲ್ಲೇ ಕೈಯಂತ್ರದಿಂದ ಬಿಲ್ ಹರಿದುಕೊಟ್ಟು ಹೋಗುತ್ತಾರೆ. ಇಲ್ಲಿ ಹಾಗಿಲ್ಲ. ತಾನಾಗಿ ಅಳತೆ ಕಳಿಸುವ ಸ್ಮಾರ್ಟ್ ಮೀಟರ್ ಇಲ್ಲದ ಮನೆಯಲ್ಲಿ ಅಳತೆ ಕಳಿಸುವುದು ಬಹುಪಾಲು ನಮ್ಮದೇ ಕೆಲಸ. ಕಳಿಸದಿದ್ದರೆ ಅಂದಾಜಿನ ಬಿಲ್ ಬರುತ್ತದೆ, ಅಥವಾ ನನಗಾದಂತೆ ಏನೂ ಬರುವುದಿಲ್ಲ.

ಏನೂ ಬಂದಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 'ಈ ಮನೆಯ ನಿವಾಸಿಗೆ' ಎಂದು ಬರೆದ ಲಕೋಟೆಗಳು ಮೂರೋ ನಾಲ್ಕೋ ಬಂದಿದ್ದವು. ನನ್ನ ಹೆಸರಿಲ್ಲ ಎಂದು ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆ ಕಸದ ಬುಟ್ಟಿಗೆ ಹಾಕಿದ್ದೆ. ಈ ತಪ್ಪು ನನ್ನದು. ಮುಂದೆ ಇದೇ ನನ್ನ ಕುತ್ತಿಗೆಗೆ ಬರುವುದರಲ್ಲಿತ್ತು.

ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಮಾತಿಗೆ ಸಿಕ್ಕ. ಬಹಳ ಮೃದುವಾಗಿ, "ನಿಮ್ಮ ಕಷ್ಟ ಅರ್ಥವಾಗುತ್ತದೆ, 36 ಕಂತು ಮಾಡಿಕೊಡುತ್ತೇನೆ, ತಿಂಗಳಿಗೆ 93 ಪೌಂಡ್ ಕಟ್ಟಿದರೆ ಸಾಕು" ಎಂದ. ನನಗೆ ಕಣ್ಣು ತುಂಬಿ ಬಂತು ಅಂದರೆ ನಗಬೇಡಿ. ಹೂಂ ಅನ್ನುವುದರಲ್ಲಿದ್ದೆ. ಎದುರಿಗೆ ಕೂತಿದ್ದ ಹೆಂಡತಿ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸಿದಳು: 'ಅದು ನಮ್ಮದೇ ಸಾಲವೆಂದು ಮೊದಲು ಗೊತ್ತಾಗಲಿ ರೀ, ಕಂತಿನ ಮಾತು ಆಮೇಲೆ.' ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಆ ರಾತ್ರಿ ಸಲಹೆಗಳಿಗೆ ಬರವಿರಲಿಲ್ಲ. ಇಲ್ಲೇ ನೆಲೆಸಿರುವ ಹಾಸನದ ಗೆಳೆಯನೊಬ್ಬ, "ನೀನು ಎಲ್ಲೂ ಸಹಿ ಹಾಕಿಲ್ಲ, ಸುಮ್ಮನಿದ್ದುಬಿಡು" ಎಂದ. ಈ ದೇಶದಲ್ಲಿ ಅದು ನಡೆಯುವುದಿಲ್ಲ. ಮನೆಯಲ್ಲಿದ್ದು ಗ್ಯಾಸ್ ಬಳಸಿದರೆ ಸಹಿ ಇಲ್ಲದೆಯೂ ಒಪ್ಪಂದ ಆದಂತೆಯೇ. ಇನ್ನೊಬ್ಬರು ಮಾಲೀಕನ ತಲೆಗೆ ಕಟ್ಟು ಅಂದರು. ಬಾಡಿಗೆ ಕರಾರಿನಲ್ಲಿ ಗ್ಯಾಸ್, ವಿದ್ಯುತ್, ನೀರು ಬಾಡಿಗೆದಾರನದೇ ಎಂದು ಸ್ಪಷ್ಟವಾಗಿತ್ತು. ವೀಸಾಗೆ ತೊಂದರೆಯಾದೀತೇ ಎಂಬುದು ಹೆಂಡತಿಯ ಹೆದರಿಕೆ. ನಿಯಮಗಳನ್ನು ಓದಿದೆ. ಅಲ್ಲಿ ಹೆಸರಿಟ್ಟು ಹೇಳಿರುವುದು ಸರ್ಕಾರಿ ಆಸ್ಪತ್ರೆಗೆ ಕಟ್ಟದೆ ಉಳಿಸಿಕೊಂಡ 500 ಪೌಂಡ್ ದಾಟಿದ ಬಾಕಿಯಂಥವನ್ನು, ಗ್ಯಾಸ್ ಕಂಪನಿಯ ಬಿಲ್ಲನ್ನಲ್ಲ. ಅಷ್ಟು ತಿಳಿದ ಮೇಲೆ ಇಬ್ಬರಿಗೂ ನಿದ್ದೆ ಬಂತು.

ಮರುದಿನ ಸಿಟಿಜನ್ಸ್ ಅಡ್ವೈಸ್ ಎಂಬ ಉಚಿತ ಸಲಹಾ ಸಂಸ್ಥೆಗೆ ಫೋನ್ ಮಾಡಿದೆ. ನನಗೆ ಬೇಕಾಗಿದ್ದ ಹಿಡಿ ಅಲ್ಲಿ ಸಿಕ್ಕಿತು. ಬ್ರಿಟನ್ನಿನ ಇಂಧನ ನಿಯಂತ್ರಕ ಆಫ್‌ಜೆಮ್ 2018ರ ಮೇ ತಿಂಗಳಿಂದ ಒಂದು ನಿಯಮವನ್ನು ಕಂಪನಿಗಳ ಪರವಾನಗಿಯಲ್ಲೇ ಸೇರಿಸಿದೆ. ಬಿಲ್ ಮಾಡುವ ದಿನಕ್ಕೆ ಹನ್ನೆರಡು ತಿಂಗಳಿಗಿಂತ ಹಿಂದೆ ಬಳಸಿದ ಇಂಧನಕ್ಕೆ ಆ ಮೊದಲು ಬಿಲ್ಲನ್ನೇ ಮಾಡಿರದಿದ್ದರೆ, ಈಗ ಹಣ ಕೇಳುವಂತಿಲ್ಲ. ಗ್ರಾಹಕನೇ ಅಡ್ಡಗಾಲು ಹಾಕಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಅಂದರೆ ಮೀಟರ್ ನೋಡಲು ಬಿಡದಿರುವುದು, ಗ್ಯಾಸ್ ಕದಿಯುವುದು, ಅಂಥ ನಡವಳಿಕೆ.

ಎರಡನೆಯ ಸಲ ಫೋನ್ ಮಾಡಿದಾಗ ಕಂಪನಿಯವರು ಇದನ್ನೇ ತಿರುಗಿಸಿದರು. "ನೀವು ಮನೆಗೆ ಬಂದದ್ದನ್ನು ತಿಳಿಸಲಿಲ್ಲ, ಪತ್ರ ಬರೆದರೆ ಉತ್ತರಿಸಲಿಲ್ಲ, ತಪ್ಪು ನಿಮ್ಮದು." ಬುಟ್ಟಿಗೆ ಹೋದ ಲಕೋಟೆಗಳು ನೆನಪಾದವು. ಬಾಡಿಗೆ ಏಜೆಂಟನ ಹಿಂದೆ ಬಿದ್ದೆ. ನಾಲ್ಕು ಸಲ ಕೇಳಿದ ಮೇಲೆ ಹುಡುಕಿಕೊಟ್ಟ: 2022ರ ಸೆಪ್ಟೆಂಬರ್ 19ರಂದು ಇದೇ ಗ್ಯಾಸ್ ಕಂಪನಿಗೆ ಅವನು ಕಳಿಸಿದ್ದ ಇ-ಮೇಲ್. ಹೊಸ ಬಾಡಿಗೆದಾರನ ಹೆಸರು, ಬಂದ ದಿನ, ಗ್ಯಾಸ್ ಮೀಟರಿನ ಅಳತೆ 01204, ಎಲ್ಲವೂ ಇದ್ದವು. ಕಂಪನಿಗೆ ಮೊದಲ ವಾರದಿಂದಲೇ ನಾನು ಗೊತ್ತಿದ್ದೆ. ಆ ಇ-ಮೇಲ್ ಇಲ್ಲದಿದ್ದರೂ ವಾದಿಸುತ್ತಿದ್ದೆ, ಆದರೆ ಅಷ್ಟು ಧೈರ್ಯವಾಗಿ ಅಲ್ಲ.

ಮಾರ್ಚ್ 20ರಂದು ಬರವಣಿಗೆಯಲ್ಲಿ ದೂರು ಕಳಿಸಿದೆ. ಮೊದಲ ಸಾಲಿನಲ್ಲೇ 'ಇದು ದೂರು' ಎಂದು ಬರೆದೆ. ಇದು ಸಣ್ಣ ವಿಷಯವಲ್ಲ. ವಿಚಾರಣೆ, ಮನವಿ, ಗೊಂದಲ ಎಂದೆಲ್ಲ ಸೌಜನ್ಯದಿಂದ ಬರೆದರೆ ಅವರ ಪುಸ್ತಕದಲ್ಲಿ ಅದು ದೂರಾಗಿ ದಾಖಲಾಗದೇ ಉಳಿಯಬಹುದು. ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಎನರ್ಜಿ ಒಂಬುಡ್ಸ್‌ಮನ್ ಬಳಿ, ಅಂದರೆ ಇಂಧನ ಕಂಪನಿಗಳ ಮೇಲಿನ ದೂರುಗಳಿಗೆ ತೀರ್ಪು ಕೊಡುವ ಸ್ವತಂತ್ರ ಸಂಸ್ಥೆಯ ಬಳಿ, ಹೋಗಬಹುದು. ಆ ಎಂಟು ವಾರದ ಲೆಕ್ಕ ಶುರುವಾಗುವುದು ದೂರಿನ ದಿನದಿಂದ.

ಏಪ್ರಿಲ್ 11ಕ್ಕೆ ಹೊಸ ಬಿಲ್ ಬಂತು. 2023ರ ಮಾರ್ಚ್ 18ಕ್ಕಿಂತ ಹಿಂದಿನದನ್ನೆಲ್ಲ ಹೊಡೆದುಹಾಕಿದ್ದರು. ಉಳಿದದ್ದು 1,612 ಪೌಂಡ್. ಅಂದು ಮನೆಯಲ್ಲಿ ಶ್ಯಾವಿಗೆ ಪಾಯಸ.

ಆ ದಿನಾಂಕದ ಅಳತೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ವಿದ್ಯುತ್ ಕಂಪನಿಗಾಗಿ ನಾನು ಪ್ರತಿ ತಿಂಗಳು 17ಕ್ಕೆ ಮೊಬೈಲಿನಲ್ಲಿ ಮೀಟರಿನ ಫೋಟೊ ತೆಗೆಯುತ್ತಿದ್ದೆ. 2023ರ ಮಾರ್ಚ್ 17ರ ಫೋಟೊದ ಎಡಮೂಲೆಯಲ್ಲಿ, ಅರ್ಧ ಕತ್ತಲಲ್ಲಿ, ಬೂದು ಡಬ್ಬಿಯೂ ಸಿಕ್ಕಿಬಿದ್ದಿತ್ತು. ಹಿಗ್ಗಿಸಿ ನೋಡಿದರೆ 01724. ಒಂದೂವರೆ ವರ್ಷ ನಾನು ಗಮನಿಸದ ಆ ಮೀಟರನ್ನು ನನ್ನ ಮೊಬೈಲು ತಿಂಗಳಿಗೊಮ್ಮೆ ನೋಡಿಕೊಂಡು ಬಂದಿತ್ತು. ದೂರಿನ ಜೊತೆ ಆ ಫೋಟೊ ಕಳಿಸಿರದಿದ್ದರೆ ಕಂಪನಿ ತನ್ನ ಅಂದಾಜಿನಂತೆ ವರ್ಷವನ್ನು ಹಂಚಿಬಿಡುತ್ತಿತ್ತು.

ಪಾಯಸ ತಿಂದು ಮುಗಿದ ಮೇಲೆ ಹಾಸನದ ಗೆಳೆಯನೇ ಮತ್ತೆ ಬಂದ. ಈ ಸಲ ಉಪಕಾರವಾಯಿತು. ಅವನದೂ ನಮ್ಮಂಥದ್ದೇ ಎರಡು ಕೋಣೆಯ ಮನೆ. ಅವನ ವರ್ಷದ ಗ್ಯಾಸ್ ಸುಮಾರು 7,000 ಕಿಲೋವ್ಯಾಟ್ ಅವರ್. ನನ್ನ ಬಿಲ್ಲಿನಲ್ಲಿ 18,862. "ನೀನು ಮನೆಯಲ್ಲಿ ಬೆಲ್ಲ ಕಾಯಿಸುತ್ತೀಯಾ?" ಎಂದ.

ಬಿಲ್ಲಿನ ಎರಡನೆಯ ಪುಟದ ಸಣ್ಣ ಅಕ್ಷರದ ಲೆಕ್ಕವನ್ನು ಮೊದಲ ಬಾರಿ ಓದಿದೆ. ಮೀಟರ್ ಅಳೆಯುವುದು ಗ್ಯಾಸಿನ ಗಾತ್ರವನ್ನು, ನಾವು ಹಣ ಕೊಡುವುದು ಅದರ ಶಾಖಕ್ಕೆ. ಹಾಗಾಗಿ ಘನ ಮೀಟರಿನ ಲೆಕ್ಕವನ್ನು 1.02264ರಿಂದ ಗುಣಿಸುತ್ತಾರೆ, ಆಮೇಲೆ ಗ್ಯಾಸಿನ ಶಾಖದ ಮೌಲ್ಯದಿಂದ (ನನ್ನ ಬಿಲ್ಲಿನಲ್ಲಿ 39.5), ಕೊನೆಗೆ 3.6ರಿಂದ ಭಾಗಿಸುತ್ತಾರೆ. ಮೀಟರ್ ನೋಡುವವನು ಬರೆದುಕೊಂಡ 02318ರಲ್ಲಿ ಫೋಟೊದ 01724 ಕಳೆದರೆ ನನ್ನದು 594. ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 6,665 ಬರುತ್ತದೆ. ಬಿಲ್ಲಿನ 18,862 ಎಲ್ಲಿಂದ ಬಂತು? ನಡುವೆ ಇನ್ನೊಂದು ಸಂಖ್ಯೆ ಕೂತಿತ್ತು: 2.83.

ಇದು ಹಳೆಯ ಮೀಟರ್‌ಗಳಿಗೆ ಬೇಕಾದ ಸಂಖ್ಯೆ. ಆ ಮೀಟರ್‌ಗಳು ನೂರು ಘನ ಅಡಿಗಳ ಲೆಕ್ಕದಲ್ಲಿ ಅಳೆಯುತ್ತವೆ. ನೂರು ಘನ ಅಡಿ ಅಂದರೆ 2.83 ಘನ ಮೀಟರ್. ಟಾರ್ಚ್ ಹಿಡಿದು ಗೂಡಿನೊಳಗೆ ತೂರಿ ಮಂಡಿಯೂರಿ ಕೂತೆ. ಧೂಳು ಒರೆಸಿದೆ. ಅಂಕಿಗಳ ಬಲಕ್ಕೆ ಒಂದು ಇಂಗ್ಲಿಷ್ 'ಎಂ', ಅದರ ತಲೆಯ ಮೇಲೆ ಪುಟಾಣಿ 3. ಘನ ಮೀಟರ್! ಇನ್ನೊಂದು ಗುರುತು: ಹಳೆಯ ಅಡಿ ಲೆಕ್ಕದ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ದಶಾಂಶಕ್ಕೆ ಮೊದಲು ನಾಲ್ಕು ಅಂಕಿ, ಹೊಸ ಘನ ಮೀಟರ್ ಲೆಕ್ಕದವುಗಳಲ್ಲಿ ಐದು. ನನ್ನದರಲ್ಲಿ ಐದು. ಎಂದೋ ಯಾರೋ ಮೀಟರ್ ಬದಲಿಸಿದ್ದಾರೆ, ಕಂಪನಿಯ ದಾಖಲೆಯಲ್ಲಿ ಮಾತ್ರ ಹಳೆಯದೇ ಕೂತಿದೆ. ನಾನು ಉರಿಸಿದ್ದರ ಸುಮಾರು ಮೂರು ಪಟ್ಟು ಗ್ಯಾಸಿಗೆ ಬಿಲ್ ಆಗಿತ್ತು. ಈಗ ಹೇಳಿ, ಅಂದು ಫೋನಿನಲ್ಲಿ 36 ಕಂತಿಗೆ ಹೂಂ ಅಂದಿದ್ದರೆ?

ಇಲ್ಲಿಂದ ಕಂಪನಿ ಗಟ್ಟಿಯಾಯಿತು. ಹಳೆಯ ಬಾಕಿಯ ನಿಯಮವನ್ನು ಅವರು ಮೂರು ವಾರದಲ್ಲಿ ಒಪ್ಪಿದ್ದರು, ತಮ್ಮ ದಾಖಲೆ ತಪ್ಪೆಂದು ಒಪ್ಪಲು ಮನಸ್ಸಿರಲಿಲ್ಲ. ಎಂಜಿನಿಯರ್ ಬಂದು ಪರೀಕ್ಷಿಸಬೇಕು, ಮೀಟರ್ ಸರಿಯಾಗಿದ್ದರೆ ಅದರ ಖರ್ಚು ನಿಮ್ಮದು ಎಂದರು. ಇದೊಂದು ಒಳ್ಳೆಯ ಬೆದರಿಕೆ, ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಬರೆದೆ: 'ಮೀಟರ್ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅದು ಸರಿಯಾಗಿಯೇ ಇದೆ. ನೀವು ಅದನ್ನು ತಪ್ಪಾಗಿ ಓದುತ್ತಿದ್ದೀರಿ.' ಮೂರು ಫೋಟೊ ಲಗತ್ತಿಸಿದೆ: ಮೀಟರಿನ ಮುಖ, ಅದರ ಕ್ರಮಸಂಖ್ಯೆ, 'ಎಂ' ಮತ್ತು 3. ಉತ್ತರ ಬರಲಿಲ್ಲ. ಬಂದದ್ದು ವಸೂಲಿ ಸಂಸ್ಥೆಯ ಕೆಂಪು ಅಕ್ಷರದ ಪತ್ರ. ಅವರಿಗೆ ಒಂದು ಸಾಲು ಬರೆದೆ, ಈ ಮೊತ್ತದ ಬಗ್ಗೆ ತಕರಾರು ಇದೆ, ದೂರಿನ ಸಂಖ್ಯೆ ಇಂತಿಂಥದ್ದು ಎಂದು. ಆಮೇಲೆ ಅವರು ತಣ್ಣಗಾದರು.

ನಡುವೆ ನನ್ನದೇ ಅಂದಾಜಿನಂತೆ ತಿಂಗಳಿಗೆ 55 ಪೌಂಡ್ ಹೊಸ ಬಳಕೆಗೆಂದು ಬೇರೆಯಾಗಿ ಕಟ್ಟುತ್ತಾ ಬಂದೆ. ತಕರಾರು ಹಳೆಯದರ ಮೇಲೆ, ಇವತ್ತಿನ ಗ್ಯಾಸಿನ ಮೇಲಲ್ಲ. ಪೂರ್ತಿ ನಿಲ್ಲಿಸಿದ್ದರೆ ಅಡ್ಡಗಾಲು ಹಾಕುವ ಗ್ರಾಹಕ ಎಂಬ ಹಣೆಪಟ್ಟಿಯನ್ನು ನಾನೇ ಅಂಟಿಸಿಕೊಂಡಂತೆ ಆಗುತ್ತಿತ್ತು.

ಮೇ 15ಕ್ಕೆ ಎಂಟು ವಾರ ತುಂಬಿತು. ಮರುದಿನ ಒಂಬುಡ್ಸ್‌ಮನ್‌ಗೆ ಅರ್ಜಿ ಹಾಕಿದೆ. ಗ್ರಾಹಕನಿಗೆ ಖರ್ಚಿಲ್ಲ. ತೀರ್ಪನ್ನು ನಾವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು, ಒಪ್ಪದಿದ್ದರೆ ಕೋರ್ಟಿನ ದಾರಿ ನಮಗೆ ತೆರೆದೇ ಇರುತ್ತದೆ. ನನ್ನ ಕಥೆಯನ್ನು ಅಳುತ್ತಾ ಬರೆಯಬಾರದು ಎಂದು ಗಟ್ಟಿ ಮಾಡಿಕೊಂಡು ಒಂದೇ ಪುಟದಲ್ಲಿ ತಾರೀಖು, ಅಳತೆ, ಗುಣಾಕಾರ ಇಷ್ಟನ್ನೇ ಇಟ್ಟೆ. ಜುಲೈನಲ್ಲಿ ತೀರ್ಪು ಬಂತು. 2.83 ತೆಗೆದು ಮತ್ತೆ ಲೆಕ್ಕ ಹಾಕಬೇಕು, ಕ್ಷಮೆ ಕೇಳಿ ಪತ್ರ ಬರೆಯಬೇಕು, 75 ಪೌಂಡ್ ಪರಿಹಾರ ಕೊಡಬೇಕು. ಸ್ಥಿರ ಶುಲ್ಕ ಸೇರಿ ಬಿಲ್ 638 ಪೌಂಡ್‌ಗೆ ಇಳಿಯಿತು. ಪರಿಹಾರ ಕಳೆದು ನಾನು ಕಟ್ಟಿದ್ದು 563. ಅದು ನಾನು ಉರಿಸಿದ ಗ್ಯಾಸು, ಕಟ್ಟುವಾಗ ಬೇಸರವಾಗಲಿಲ್ಲ.

ಬಿಲ್ ಬಂದದ್ದು ಕಂಪನಿಯಿಂದಲ್ಲದೆ ಮನೆ ಮಾಲೀಕನಿಂದಲೇ ಆಗಿದ್ದರೆ ನನ್ನ ದಾರಿ ಬೇರೆಯಾಗುತ್ತಿತ್ತು. ಹನ್ನೆರಡು ತಿಂಗಳ ಆ ನಿಯಮ ಕಂಪನಿಗಳ ಪರವಾನಗಿಗೆ ಸೇರಿದ್ದು, ಮಾಲೀಕನನ್ನು ಕಟ್ಟಿಹಾಕುವುದಿಲ್ಲ. ಆದರೆ ತಾನು ಕಂಪನಿಗೆ ಕೊಟ್ಟ ದರಕ್ಕಿಂತ ಹೆಚ್ಚಿಗೆ ಗ್ಯಾಸನ್ನೋ ವಿದ್ಯುತ್ತನ್ನೋ ಬಾಡಿಗೆದಾರನಿಗೆ ಅವನು ಮಾರುವಂತಿಲ್ಲ. ನಿಮಗೆ ಹಾಗಾಗಿದ್ದರೆ ಮೂಲ ಬಿಲ್ ತೋರಿಸಿ ಎಂದು ಮಾಲೀಕನನ್ನು ಕೇಳಿ.

ಇದನ್ನು ಕೇಳಿ ಮೈಸೂರಿನಲ್ಲಿರುವ ನನ್ನ ಭಾವ, ನಮ್ಮಲ್ಲೂ ಇಂಥ ಕಾನೂನಿದೆಯೇ ಎಂದರು. ಇದೆ, ಆದರೆ ಇಷ್ಟು ಗಟ್ಟಿಯಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 56(2)ನೇ ಕಲಂ, ಬಾಕಿಯೆಂದು ಸತತವಾಗಿ ತೋರಿಸುತ್ತಾ ಬಂದಿರದ ಹಣವನ್ನು ಅದು ಮೊದಲು ಕಟ್ಟಬೇಕಾದ ದಿನದಿಂದ ಎರಡು ವರ್ಷದ ಮೇಲೆ ವಸೂಲು ಮಾಡುವಂತಿಲ್ಲ ಎನ್ನುತ್ತದೆ. ಆ ದಿನ ಯಾವುದು ಎಂಬುದರಲ್ಲೇ ಕೊಕ್ಕೆ. 2020ರಲ್ಲಿ ಸುಪ್ರೀಂ ಕೋರ್ಟ್, ಬಿಲ್ ಕೊಟ್ಟ ಮೇಲೆಯೇ ಕಟ್ಟುವ ಹೊಣೆ ಹುಟ್ಟುತ್ತದೆ ಎಂದಿತು. ತಪ್ಪಾಗಿ ಬಿಟ್ಟುಹೋದ ಹಣಕ್ಕೆ ಎರಡು ವರ್ಷದ ಮೇಲೆ ಬಿಲ್ ಕೊಟ್ಟರೆ ಆ ಕಾರಣಕ್ಕೆ ಸಂಪರ್ಕ ಕಡಿಯುವಂತಿಲ್ಲ, ಬೇರೆ ದಾರಿಯಿಂದ ವಸೂಲು ಮಾಡಬಹುದು. ಭಾವನಿಗೆ ಸಮಾಧಾನವಾಗಲಿಲ್ಲ.

ಕಳೆದ ವರ್ಷ ಮನೆ ಬದಲಿಸಿದೆವು. ಸಾಮಾನು ಇಳಿಸುವ ಮೊದಲೇ ಗ್ಯಾಸ್ ಮೀಟರ್ ಎಲ್ಲಿ ಎಂದು ಕೇಳಿದೆ. ಹೊಸ ಏಜೆಂಟಳಿಗೆ ಗೊತ್ತಿರಲಿಲ್ಲ, ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ನೋಡಿದಳು. ಕೊನೆಗೆ ಹೊರಗೋಡೆಯ ಪೊದೆಯ ಹಿಂದೆ ಬಿಳಿ ಡಬ್ಬಿಯೊಂದು ಸಿಕ್ಕಿತು, ಬೀಗಕ್ಕೆ ಮೂರು ಮೂಲೆಯ ಕೀಲಿ ಬೇಕು. ಪಕ್ಕದ ಮನೆಯವರಿಂದ ಕೀಲಿ ತಂದು ತೆರೆದೆವು. ಹೆಂಡತಿ ಟಾರ್ಚ್ ಹಿಡಿದಳು. ಐದು ಅಂಕಿ, 'ಎಂ', ತಲೆಯ ಮೇಲೆ 3. ಕ್ರಮಸಂಖ್ಯೆಯನ್ನು ಏಜೆಂಟಳ ಕಾಗದದ ಜೊತೆ ಹೋಲಿಸಿದೆ. ಕಡೆಯ ಎರಡು ಅಂಕಿ ಅದಲುಬದಲಾಗಿದ್ದವು. ಅಲ್ಲೇ ತಿದ್ದಿಸಿ, ಸಹಿ ಹಾಕಿಸಿಕೊಂಡು, ಆಮೇಲೆ ಹಾಲು ಉಕ್ಕಿಸಲು ಒಳಗೆ ಹೋದೆವು.