ಗುಡ್ಡದ ಮೇಲಿನ ಬ್ಯಾಟರಿ ಮಾತಾಡುವಂತೆ ಮಾಡಿದ್ದು

ಮಡಿಕೇರಿಯಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವ ಕೆಲಸ ನನ್ನದು. ಭಾಗಮಂಡಲದ ಕಡೆ ಒಂದು ಗುಡ್ಡದ ಮೇಲೆ ನಮ್ಮ ವೈರ್‌ಲೆಸ್ ಕಂಬ ಇದೆ. ಬುಡದಲ್ಲಿ ಒಂದು ತಗಡಿನ ಪೆಟ್ಟಿಗೆ. ಒಳಗೆ 12 ವೋಲ್ಟಿನ 4 ಬ್ಯಾಟರಿ ಸೇರಿ 48 ವೋಲ್ಟ್, ಒಂದೊಂದು 100 ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ). ಅಲ್ಲಿನ ಸಾಮಾನಿಗೆ ಬೇಕಾಗುವುದು ಸುಮಾರು 80 ವ್ಯಾಟ್. ಅರ್ಧ ಖಾಲಿಯಾಗುವವರೆಗೆ 30 ಗಂಟೆ ಓಡುತ್ತದೆ. ಆದರೆ ಕಕ್ಕಡ ತಿಂಗಳ ಮಳೆಯಲ್ಲಿ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ.

ಮೊದಲು ಒಂದು ಸಿಮ್ ಹಾಕಿದ ಬೋರ್ಡ್ ಇಟ್ಟಿದ್ದೆ. ಕರೆಂಟ್ ಹೋದರೆ ಎಸ್ಸೆಮ್ಮೆಸ್, ಬಂದರೆ ಇನ್ನೊಂದು. ಜೂನ್ ಬಂದ ಮೇಲೆ ದಿನಕ್ಕೆ ಇಪ್ಪತ್ತು ಬರತೊಡಗಿದವು. ನೋಡುವುದನ್ನೇ ಬಿಟ್ಟೆ. ಒಂದು ಸಲ ಎರಡು ದಿನ ಏನೂ ಬರಲಿಲ್ಲ. ಎಲ್ಲ ಸರಿ ಇದೆ ಅಂದುಕೊಂಡೆ. ಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಬರಿದಾಗಿತ್ತು. ಅಲ್ಲಿನ ಮೊಬೈಲ್ ಟವರ್ ಮೊದಲೇ ಆಫ್ ಆಗಿದ್ದರಿಂದ ಎಸ್ಸೆಮ್ಮೆಸ್ ಹೊರಗೇ ಬಂದಿರಲಿಲ್ಲ. ಲೆಡ್ ಆ್ಯಸಿಡ್ ಬ್ಯಾಟರಿ ಖಾಲಿಯಾಗಿ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಾಲ್ಕರಲ್ಲಿ ಎರಡು ಮತ್ತೆ ಚಾರ್ಜ್ ಹಿಡಿಯಲೇ ಇಲ್ಲ.

ಕರೆಂಟ್ ಹೋಯಿತಾ ಅನ್ನುವುದಲ್ಲ, ಇನ್ನೆಷ್ಟು ಉಳಿದಿದೆ ಅನ್ನುವುದು ನನಗೆ ಗೊತ್ತಾಗಬೇಕಿತ್ತು. ಹಾಗಾಗಿ ವೋಲ್ಟೇಜ್ ಅಳೆಯಲು ಶುರು ಮಾಡಿದೆ. ಕರೆಂಟ್ ಇಲ್ಲದಾಗ ಇಷ್ಟು ಸಣ್ಣ ಲೋಡಿಗೆ 50.8 ಅಂದರೆ ತುಂಬಿದೆ, 48.8 ಅಂದರೆ ಹತ್ತಿರ ಹತ್ತಿರ ಅರ್ಧ. 49ಕ್ಕೆ ಇಳಿದಾಗ ಮಾತ್ರ ಫೋನ್ ಕಿರುಚಬೇಕು. ಕರೆಂಟ್ ಹೋದ ಸುದ್ದಿ 5 ನಿಮಿಷ ಕಾದು, ಅದೂ ಸದ್ದಿಲ್ಲದೆ ಬರುತ್ತದೆ. ಅಳೆಯುವ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಸಣ್ಣ ಫ್ಯೂಸ್ ಹಾಕಿದ್ದೇನೆ. ಇದನ್ನು ಯಾರೂ ಬಿಡಬೇಡಿ. ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಬ್ಯಾಟರಿ ಅದನ್ನು ಸುಟ್ಟೇ ಹಾಕುತ್ತದೆ.

ಕರೆಂಟ್ ಇದೆಯೋ ಇಲ್ಲವೋ ಅಂತ ಬೋರ್ಡಿಗೆ ತಿಳಿಸುವ ಸ್ವಿಚ್ಚು ರಿಲೇ. ಅದರ ವೈರಿಂಗನ್ನೂ ತಿರುಗಿಸಿದೆ. ಕರೆಂಟ್ ಇರುವಾಗ ಕಾಂಟ್ಯಾಕ್ಟ್ ಮುಚ್ಚಿರುತ್ತದೆ, ಅಂದರೆ ತಂತಿ ಕೂಡಿರುತ್ತದೆ. ಕರೆಂಟ್ ಹೋದರೂ, ಇಲಿ ತಂತಿ ಕಡಿದರೂ, ರಿಲೇ ಕಾಯಿಲ್ ಸುಟ್ಟರೂ ತೆರೆದುಕೊಂಡು ಸುದ್ದಿ ಬರುತ್ತದೆ.

ಎಲ್ಲಕ್ಕಿಂತ ಉಪಕಾರ ಆಗಿದ್ದು ಇನ್ನೊಂದು. ಬೋರ್ಡ್ ಈಗ ಪ್ರತಿ 10 ನಿಮಿಷಕ್ಕೆ ನಮ್ಮದೇ ವೈರ್‌ಲೆಸ್ ಲಿಂಕಿನಲ್ಲಿ 'ಇದ್ದೇನೆ' ಅಂತ ವೋಲ್ಟೇಜ್ ಕಳಿಸುತ್ತದೆ. ಸತತ ಮೂರು ಸಲ ಬರದಿದ್ದರೆ ಮಡಿಕೇರಿಯ ಕಂಪ್ಯೂಟರೇ ನನ್ನನ್ನು ಎಬ್ಬಿಸುತ್ತದೆ. ಸತ್ತ ಬೋರ್ಡ್ ತಾನು ಸತ್ತೆ ಅಂತ ಹೇಳಲಾರದು, ಅಲ್ವಾ? ಸಿಮ್ ಈಗ ಎರಡನೇ ದಾರಿ. ಅದಕ್ಕೂ ವಾರಕ್ಕೊಂದು ಎಸ್ಸೆಮ್ಮೆಸ್ ಕಳಿಸಲು ಹೇಳಿದ್ದೇನೆ. ಇಲ್ಲದಿದ್ದರೆ ರೀಚಾರ್ಜ್ ಮುಗಿದದ್ದೇ ತಿಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ 49.0 ಬಂತು. ಇನ್ನೂ ಅರ್ಧ ಇದೆ ಅನ್ನುವ ಧೈರ್ಯದಲ್ಲಿ ಬೆಳಗಿನವರೆಗೆ ಕಾದೆ. ಆರು ಗಂಟೆಗೆ ಗುಡ್ಡದ ಕೆಳಗಿನ ತೋಟದವರಿಗೆ ಫೋನ್ ಮಾಡಿದೆ. "ಅಣ್ಣಾ, ಜನರೇಟರ್ ಸ್ವಲ್ಪ ಹಾಕ್ತೀರಾ?" ಅವರು ಕೊಡೆ ಹಿಡಿದು ಹೋಗಿ ಹಾಕಿದರು. ಪರದೆಯ ಮೇಲೆ ಅಂಕಿ 51, 52 ಅಂತ ಏರುವುದನ್ನು ನೋಡುತ್ತಾ ಕಾಫಿ ಕುಡಿದೆ.

ಈ ಮೇ ತಿಂಗಳಲ್ಲಿ ಟರ್ಮಿನಲ್ ಉಜ್ಜಲು ಹೋದಾಗ ಎರಡನೇ ಮತ್ತು ಮೂರನೇ ಬ್ಯಾಟರಿಯ ನಡುವಿನಿಂದ ಇನ್ನೊಂದು ತಂತಿ ಎಳೆಯಬೇಕು. ಎರಡೂ ಅರ್ಧಗಳ ವೋಲ್ಟೇಜ್ ಬೇರೆ ಬೇರೆ ಕಂಡರೆ, ಒಂದು ಬ್ಯಾಟರಿ ಸೋಲುತ್ತಿರುವುದು ಮಳೆಗೆ ಮೊದಲೇ ಸಿಗುತ್ತದೆ.