ಸ್ಟ್ರಾಟಮ್, ಲ್ಯಾಮಿನಾ, ಕಾರ್ಟೆಕ್ಸ್: ಪದರದ ಪದಗಳನ್ನ ಬಿಡಿಸೋದು ಹೇಗೆ

ಜಿಯಾಲಜಿ, ಬಯಾಲಜಿ ಓದೋವಾಗ ಪದರಕ್ಕೆ ಸಿಕ್ಕಾಪಟ್ಟೆ ಲ್ಯಾಟಿನ್ ಹೆಸರು ಬರುತ್ತೆ, ಎಲ್ಲಾನೂ ಬಾಯಿಪಾಠ ಮಾಡ್ಬೇಡಿ, ಮೂಲ ಹಿಡ್ಕೊಂಡ್ರೆ ಸಾಕು.

ಮೊದ್ಲು ಪದದಲ್ಲಿ 'ಸ್ಟ್ರಾಟ್' ಇದ್ಯಾ ನೋಡಿ. ಲ್ಯಾಟಿನ್‌ನಲ್ಲಿ ಸ್ಟೆರ್ನೆರೆ ಅಂದ್ರೆ ಹಾಸೋದು, ಹರಡೋದು, ಸ್ಟ್ರಾಟಮ್ ಅಂದ್ರೆ ಹಾಸಿದ್ದು. ಅದಕ್ಕೇ ಒಂದ್ರ ಮೇಲೊಂದು ಕೂತಿರೋ ಕಲ್ಲಿನ ಪದರ ಸ್ಟ್ರಾಟಾ, 1803ರಲ್ಲಿ ಲ್ಯೂಕ್ ಹೋವರ್ಡ್ ಮೋಡಗಳಿಗೆ ಹೆಸರಿಟ್ಟಾಗ ಚಾಪೆ ಥರ ಹರಡಿರೋದಕ್ಕೆ ಸ್ಟ್ರೇಟಸ್ ಅಂದ್ರು, ಅಷ್ಟ್ಯಾಕೆ, ನಾವು ದಿನಾ ಹೇಳೋ ಸ್ಟ್ರೀಟ್ ಕೂಡ ಇದೇ ಮನೆತನದ್ದು, ಕಲ್ಲು ಹಾಸಿದ ರಸ್ತೆಗೆ ರೋಮನ್ನರ ಭಾಷೇಲಿ ವಿಯಾ ಸ್ಟ್ರಾಟಾ ಅಂತಿದ್ರು. ಒಂದಿದ್ರೆ ಸ್ಟ್ರಾಟಮ್, ಜಾಸ್ತಿ ಇದ್ರೆ ಸ್ಟ್ರಾಟಾ, ದಯವಿಟ್ಟು 'ಸ್ಟ್ರಾಟಾಸ್' ಅಂತ ಬರೀಬೇಡಿ.

'ಲ್ಯಾಮಿ' ಕಂಡ್ರೆ ತೆಳು ತಗಡು ಅಂತ ಅಂದ್ಕೊಳ್ಳಿ, ಲ್ಯಾಟಿನ್‌ನಲ್ಲಿ ಲ್ಯಾಮಿನಾ ಅಂದ್ರೆ ಅದೇ. ಲ್ಯಾಮಿನೇಷನ್ ಬಂದಿದ್ದು ಅಲ್ಲಿಂದ್ಲೇ. ಲ್ಯಾಮಿನಾದ್ದೇ ಚಿಕ್ಕ ರೂಪ ಲ್ಯಾಮೆಲ್ಲಾ, ಅದು ಫ್ರೆಂಚ್ ಬಾಯಲ್ಲಿ ತಿರುಚ್ಕೊಂಡು ತಿರುಚ್ಕೊಂಡು ಆಮ್ಲೆಟ್ ಆಯ್ತು, ನನ್ ಪ್ರಕಾರ ಇಡೀ ಲಿಸ್ಟ್‌ನಲ್ಲಿ ಇದೇ ಮಜವಾದ ಕಥೆ.

ಕಾರ್ಟೆಕ್ಸ್ ಅಂದ್ರೆ ಮರದ ತೊಗಟೆ, ಹಾಗಾಗಿ ಮೆದುಳಲ್ಲಾಗ್ಲಿ ಕಿಡ್ನೀಲಾಗ್ಲಿ ಹೊರಗಿನ ಪದರ ಅಂತ ಅರ್ಥ. ಟ್ಯೂನಿಕಾ ಅಂದ್ರೆ ಅಂಗಿ. ರಕ್ತನಾಳದ ಗೋಡೇಲಿ ಟ್ಯೂನಿಕಾ ಇಂಟಿಮಾ ತೀರಾ ಒಳಗಿಂದು, ಮೀಡಿಯಾ ನಡುವಿಂದು.

ಎರಡು ಪದ ಜೊತೇಲಿ ಬಂದ್ರೆ ಬೇರೆ ಬೇರೆ ಮಾಡಿ ಓದಿ. ಚರ್ಮದ ಸ್ಟ್ರಾಟಮ್ ಕಾರ್ನಿಯಮ್ ತಗೊಳ್ಳಿ, ಕಾರ್ನು ಅಂದ್ರೆ ಕೊಂಬು, ಅಂದ್ರೆ ಕೊಂಬಿನಂಥ ಪದರ.

ಹಾಂ, ಲೇಯರ್ ಅನ್ನೋ ಪದಕ್ಕೆ ಲ್ಯಾಟಿನ್ ಮೂಲ ಹುಡುಕ್ಬೇಡಿ, ಅದು ಅಪ್ಪಟ ಇಂಗ್ಲಿಷ್‌ದು.